ಸ್ಟ್ರಾಬೆರಿಯ ‘ಬಹುದು’ ಎಲ್ಲಿ ಹೋಯಿತು?

ಚಳಿಗಾಲ ಶುರುವಾಯಿತೆಂದರೆ ಹೈದರಾಬಾದಿಗೆ ಎರಡು ಸರಕು ಒಟ್ಟಿಗೇ ಬಂದಿಳಿಯುತ್ತವೆ. ಒಂದು, ಮಹಾಬಲೇಶ್ವರ, ಪಂಚಗಣಿ ಕಡೆಯ ಸ್ಟ್ರಾಬೆರಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಚೆಂದದ ಹಣ್ಣುಗಳನ್ನೆಲ್ಲ ಮೇಲೆ ಜೋಡಿಸಿ ಮಾರುತ್ತಾರೆ. ಇನ್ನೊಂದು ಸರಕು ಫೋನಿಗೆ ಬರುತ್ತದೆ, ಅದೂ ಕನ್ನಡದಲ್ಲೇ. ಸ್ಟ್ರಾಬೆರಿ ತಿಂದರೆ ಹೃದಯಾಘಾತ ತಡೆಯುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ, ಗರ್ಭಿಣಿಯರಿಗೆ ಅಮೃತ, ಹಲ್ಲು ಮುತ್ತಿನಂತೆ ಹೊಳೆಯುತ್ತದೆ. ಲಾಭಗಳು ಸಾಮಾನ್ಯವಾಗಿ ಹತ್ತು. ಒಂಬತ್ತಕ್ಕೆ ವಸ್ತು ಮುಗಿದುಹೋದರೆ ಹತ್ತನೆಯದು ‘ಚರ್ಮಕ್ಕೆ ಕಾಂತಿ’.

ಮೊದಲನೇ ಸರಕಿನ ಬಗ್ಗೆ ನನ್ನ ತಕರಾರಿಲ್ಲ. ಕೃಷ್ಣೆ ಹುಟ್ಟುವ ಬೆಟ್ಟದಲ್ಲಿ ಬೆಳೆದ ಹಣ್ಣು ಕೃಷ್ಣೆಯ ನೀರು ಕುಡಿಯುವ ಊರಿಗೆ ಬರುತ್ತದೆ, ಬರಲಿ. ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಆ ಬೆಟ್ಟದ್ದೇ. 2010ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಹಣ್ಣು ಒಳ್ಳೆಯದೇ: ನೂರು ಗ್ರಾಂ ತಿಂದರೆ ಮೂವತ್ತು ಚಿಲ್ಲರೆ ಕ್ಯಾಲೊರಿ, ಐದು ಗ್ರಾಂ ಆಸುಪಾಸು ಸಕ್ಕರೆ, ಉಳಿದದ್ದು ಬಹುಪಾಲು ನೀರು. ರುಚಿಗೆ ಬೇಕಾದವರು ತಿನ್ನಲಿ, ಮಕ್ಕಳಿಗೂ ಕೊಡಲಿ.

ತಕರಾರು ಎರಡನೇ ಸರಕಿನ ಬಗ್ಗೆ. ಅದು ನನ್ನ ಕಸುಬಿನ ಸರಕು. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಬದುಕುವವರಿಗೆ ಬರುವ ಕೆಲಸದಲ್ಲಿ ಕತೆ, ಕಾದಂಬರಿ ಎಲ್ಲೋ ಒಂದೆರಡು. ಹೊಟ್ಟೆ ತುಂಬಿಸುವುದು ಬಳಕೆದಾರರ ಕೈಪಿಡಿ, ವಿಮೆಯ ಷರತ್ತುಗಳು, ಮತ್ತೆ ಈ ‘ಆರೋಗ್ಯ ಲಾಭ’ಗಳು. ಪದಕ್ಕೆ ಇಷ್ಟು ಪೈಸೆ ಎಂದು ಲೆಕ್ಕ. ಹಾಗಾಗಿ ಈ ಬರಹಗಳು ಯಾವ ಗಿರಣಿಯಲ್ಲಿ, ಹೇಗೆ ತಯಾರಾಗುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅವುಗಳಲ್ಲಿ ಸುಳ್ಳು ಹೊಕ್ಕುವುದು ಹಣ್ಣಿನ ಮೂಲಕವಲ್ಲ, ಕ್ರಿಯಾಪದದ ಕೊನೆಯ ಮೂಲಕ. ನನ್ನ ಆಪಾದನೆ ಇದು: ಕನ್ನಡದ ಆರೋಗ್ಯ ಬರವಣಿಗೆ ನಾಲ್ಕು ಸಣ್ಣ ಪದಗಳನ್ನು ನುಂಗಿ ಬದುಕುತ್ತಿದೆ. ಬಹುದು, ಎಷ್ಟು, ಯಾರಿಗೆ, ಯಾವುದಕ್ಕಿಂತ. ಈ ನಾಲ್ಕನ್ನು ವಾಪಸು ಇಟ್ಟರೆ ಹತ್ತರಲ್ಲಿ ಒಂಬತ್ತು ಲಾಭಗಳು ತಾವಾಗಿಯೇ ಉದುರಿಬೀಳುತ್ತವೆ.

*

‘ಬಹುದು’ ಇಂದ ಶುರುಮಾಡೋಣ.

ಸ್ಟ್ರಾಬೆರಿ ಮತ್ತು ಹೃದಯದ ನಂಟಿಗೆ ಎಲ್ಲರೂ ಆಧಾರವಾಗಿ ಹಿಡಿಯುವ ಅಧ್ಯಯನ 2013ರದು. ‘ಸರ್ಕ್ಯುಲೇಶನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಮೆರಿಕದ 93,600 ನರ್ಸುಗಳನ್ನು, ಶುರುವಿನಲ್ಲಿ 25ರಿಂದ 42 ವಯಸ್ಸಿನವರನ್ನು, 18 ವರ್ಷ ಗಮನಿಸಿದ ಅಧ್ಯಯನ. ಆ ಅವಧಿಯಲ್ಲಿ 405 ಮಂದಿಗೆ ಹೃದಯಾಘಾತವಾಯಿತು. ಸ್ಟ್ರಾಬೆರಿ, ಬ್ಲೂಬೆರಿಗೆ ಬಣ್ಣ ಕೊಡುವ ಆಂಥೊಸಯನಿನ್ ಎಂಬ ವಸ್ತುವನ್ನು ಆಹಾರದಲ್ಲಿ ಹೆಚ್ಚು ತೆಗೆದುಕೊಂಡವರಲ್ಲಿ ಹೃದಯಾಘಾತ ಸುಮಾರು ಮೂರನೇ ಒಂದರಷ್ಟು ಕಡಿಮೆ ಕಂಡಿತು. ಇದು ಹಗುರ ಸಂಗತಿಯಲ್ಲ. ಗಂಭೀರ ಜನ ಮಾಡಿದ ಗಂಭೀರ ಕೆಲಸ.

ಆದರೆ ವಾರಕ್ಕೆ ಮೂರಕ್ಕಿಂತ ಹೆಚ್ಚು ಸಲ ಸ್ಟ್ರಾಬೆರಿ, ಬ್ಲೂಬೆರಿ ತಿಂದವರ ವಿಷಯಕ್ಕೆ ಬಂದಾಗ ಸಂಶೋಧಕರು ಬಳಸಿದ ಕ್ರಿಯಾಪದವನ್ನು ನೋಡಬೇಕು. ಅಪಾಯ ಕಡಿಮೆಯಾಯಿತು ಎಂದು ಅವರು ಬರೆಯಲಿಲ್ಲ. ಕಡಿಮೆ ಇರುವ ಕಡೆಗೆ ವಾಲಿದಂತೆ ಕಂಡಿತು ಎಂಬರ್ಥದ ಮಾತು ಬರೆದರು. ಯಾಕೆಂದರೆ ಅವರ ಲೆಕ್ಕದಲ್ಲಿ ಅಪಾಯದ ಅನುಪಾತ 0.66 ಬಂದರೂ, ನಿಜವಾದ ಸಂಖ್ಯೆ 0.40ರಿಂದ 1.08ರ ನಡುವೆ ಎಲ್ಲಾದರೂ ಇರಬಹುದಿತ್ತು. ಒಂದು ಎಂದರೆ ಯಾವ ವ್ಯತ್ಯಾಸವೂ ಇಲ್ಲ ಎಂದರ್ಥ. ಆ ಒಂದು ಕೂಡ ಈ ಅಳತೆಯೊಳಗೇ ಕೂತಿದೆ. ಅಂದರೆ ಹಣ್ಣಿಗೂ ಹೃದಯಕ್ಕೂ ಏನೂ ಸಂಬಂಧವಿಲ್ಲದಿರುವ ಸಾಧ್ಯತೆಯನ್ನು ಅಧ್ಯಯನ ತಳ್ಳಿಹಾಕಿಲ್ಲ. ಸಾಲದ್ದಕ್ಕೆ, ವಾರಕ್ಕೆ ನಾಲ್ಕು ಸಲ ಹಣ್ಣು ತಿನ್ನುವವರು ಬೇರೆ ರೀತಿಯಲ್ಲೂ ಜೋಪಾನದಿಂದ ಬದುಕುವವರಾಗಿರುತ್ತಾರೆ: ನಡೆಯುತ್ತಾರೆ, ಸಿಗರೇಟು ಸೇದುವುದಿಲ್ಲ, ಕೈಯಲ್ಲಿ ಕಾಸಿರುತ್ತದೆ. ಇದನ್ನೆಲ್ಲ ಲೆಕ್ಕದಿಂದ ಕಳೆಯಲು ಸಂಶೋಧಕರು ಶಕ್ತಿಮೀರಿ ಪ್ರಯತ್ನಿಸುತ್ತಾರೆ. ಪೂರ್ತಿ ಕಳೆಯಲು ಯಾರಿಂದಲೂ ಆಗುವುದಿಲ್ಲ.

ಈ ‘ವಾಲಿದಂತೆ ಕಂಡಿತು’ ಪ್ರಯಾಣ ಹೊರಡುತ್ತದೆ. ಇಂಗ್ಲಿಷ್ ಪತ್ರಿಕೆಗೆ ಬರುವಾಗ ‘ಸಹಾಯ ಮಾಡಬಹುದು’ ಆಗುತ್ತದೆ. ಅಲ್ಲಿಂದ ಆರೋಗ್ಯದ ಜಾಲತಾಣಕ್ಕೆ ಬರುವಾಗ ‘ಸಹಾಯ ಮಾಡುತ್ತದೆ’ ಆಗುತ್ತದೆ. ಕನ್ನಡಕ್ಕೆ ಬರುವ ಹೊತ್ತಿಗೆ ‘ಸಹಾಯ’ವೂ ಬಿದ್ದುಹೋಗಿ ‘ಹೃದಯಾಘಾತ ತಡೆಯುತ್ತದೆ’ ಉಳಿಯುತ್ತದೆ.

ಕನ್ನಡದಲ್ಲಿ ‘-ತ್ತದೆ’ ಸಾಮಾನ್ಯ ಪ್ರತ್ಯಯವಲ್ಲ. ನೀರು ಕಾಯಿಸಿದರೆ ಕುದಿಯುತ್ತದೆ, ಬೆಂಕಿ ಸುಡುತ್ತದೆ ಎಂದು ನಾವು ಪ್ರಕೃತಿಯ ನಿಯಮ ಹೇಳುವುದು ಇದೇ ರೂಪದಲ್ಲಿ. ಕಾಲಕ್ಕೆ, ವ್ಯಕ್ತಿಗೆ, ಸಂದರ್ಭಕ್ಕೆ ಸಿಕ್ಕದ ಸತ್ಯದ ರೂಪ ಅದು. ‘ಸ್ಟ್ರಾಬೆರಿ ಹೃದಯಾಘಾತ ತಡೆಯುತ್ತದೆ’ ಎಂದ ತಕ್ಷಣ ಓದುಗರ ಕಿವಿಗೆ ಅದು ಬೆಂಕಿ ಸುಡುವಷ್ಟೇ ಖಾತ್ರಿಯಾಗಿ ಕೇಳುತ್ತದೆ.

ನಮ್ಮ ಭಾಷೆಗೆ ಅನುಮಾನ ಹೇಳಲು ಬರುವುದಿಲ್ಲ ಎಂದೇನೂ ಇಲ್ಲ. ಬಹುದು ಇದೆ, ಇರಬೇಕು ಇದೆ, ಇದ್ದೀತು ಇದೆ. ಎಲ್ಲಕ್ಕಿಂತ ಹೆಚ್ಚಾಗಿ ‘ಅಂತೆ’ ಇದೆ. ‘ಮಳೆ ಬಂತು’ ಎಂದರೆ ನಾನು ಕಂಡದ್ದು, ‘ಮಳೆ ಬಂತಂತೆ’ ಎಂದರೆ ಯಾರೋ ಹೇಳಿದ್ದು, ಹೊಣೆ ನನ್ನದಲ್ಲ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಇಡೀ ಒಂದು ವಾಕ್ಯ ಜೋಡಿಸಬೇಕು. ನಮಗೆ ಎರಡಕ್ಷರ ಸಾಕು. ಅಕ್ಷರ ಕಲಿಯದ ಅಜ್ಜಿಯರೂ ತಪ್ಪಿಲ್ಲದೆ ಬಳಸುವ ಈ ‘ಅಂತೆ’ಯನ್ನು ಆರೋಗ್ಯದ ಬರಹಗಳಿಂದ ಮಾತ್ರ ಹೊರಗಿಟ್ಟಿದ್ದೇವೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಇಷ್ಟು ಖಚಿತವಾಗಿ ಗೆರೆ ಎಳೆಯಬಲ್ಲ ಭಾಷೆಯೇ ಈಗ ಕೇಳಿದ್ದನ್ನೆಲ್ಲ ಕಂಡಂತೆ ಹೇಳುತ್ತಿದೆ.

ಇದು ಅವಸರದಲ್ಲಿ ಆಗುವ ಅಚಾತುರ್ಯವಲ್ಲ. ಇಂಥ ಬರಹಗಳ ಕಂತೆಯೊಂದನ್ನು ಕಳಿಸಿದ ಸಂಸ್ಥೆಯೊಂದರ ಸೂಚನೆಗಳಲ್ಲಿ ಅನುಮಾನದ ಪದಗಳನ್ನು ಕಡಿಮೆ ಮಾಡಿ, ವಾಕ್ಯ ಧನಾತ್ಮಕವಾಗಿರಲಿ ಎಂದೇ ಬರೆದಿತ್ತು. ಮೂಲದಲ್ಲೇ ಅನುಮಾನ ಇದೆಯಲ್ಲ ಎಂದು ಕೇಳಿದ್ದಕ್ಕೆ, ಓದುಗರಿಗೆ ಗೊಂದಲವಾಗುತ್ತದೆ ಎಂಬ ಉತ್ತರ ಬಂತು. ಕೆಲಸ ವಾಪಸು ಕಳಿಸಿದೆ. ಆ ಕಂತೆ ಇನ್ನೊಬ್ಬರ ಕೈಗೆ, ಇಲ್ಲವೇ ಯಂತ್ರದ ಕೈಗೆ ಹೋಗಿರುತ್ತದೆ. ‘ಉತ್ಕರ್ಷಣ ನಿರೋಧಕಗಳಿಂದ ಸಮೃದ್ಧವಾಗಿದೆ’ ಎಂಬ ಸಾಲು ಕಂಡಾಗಲೆಲ್ಲ ಯಾವ ಕೈ ಎಂದು ನನಗೆ ಗೊತ್ತಾಗುತ್ತದೆ.

ಉತ್ಕರ್ಷಣ ನಿರೋಧಕ ಎಂದರೆ ಆಂಟಿಆಕ್ಸಿಡೆಂಟ್. ಆ ಪದಕ್ಕೂ ಒಂದು ಚರಿತ್ರೆ ಇದೆ. ಯಾವ ಹಣ್ಣಿನಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಎಂದು ಅಮೆರಿಕದ ಕೃಷಿ ಇಲಾಖೆ ಒಂದು ಪಟ್ಟಿ ಇಟ್ಟಿತ್ತು. ಪ್ರಯೋಗಾಲಯದ ನಳಿಕೆಯಲ್ಲಿ ಅಳೆದ ಅಂಕಿಗಳನ್ನು ಕಂಪನಿಗಳು ಮನುಷ್ಯನ ದೇಹದ ಅಂಕಿಗಳೆಂಬಂತೆ ಮಾರತೊಡಗಿದ ಮೇಲೆ, 2012ರಲ್ಲಿ ಇಲಾಖೆಯೇ ಆ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಅದಕ್ಕೂ ಮೊದಲು, 1994ರಲ್ಲಿ, ಫಿನ್ಲೆಂಡಿನ 29 ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂದಿತ್ತು. ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ನೂರಕ್ಕೆ 18ರಷ್ಟು ಹೆಚ್ಚಾಯಿತು. ಅದು ಮಾತ್ರೆ, ಹಣ್ಣಲ್ಲ. ಹಣ್ಣು ತಿಂದರೆ ಹಾಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ‘ಆಂಟಿಆಕ್ಸಿಡೆಂಟ್ ಇದೆ, ಆದ್ದರಿಂದ ಕ್ಯಾನ್ಸರ್ ಬರುವುದಿಲ್ಲ’ ಎಂಬ ವಾಕ್ಯದ ನಡುವಿನ ಆ ‘ಆದ್ದರಿಂದ’ ಎಷ್ಟು ಪೊಳ್ಳು ಎಂದಷ್ಟೇ ಹೇಳುತ್ತಿದ್ದೇನೆ.

*

ಎರಡನೇ ಪದ ‘ಎಷ್ಟು’.

ಸ್ಟ್ರಾಬೆರಿ ಕೊಲೆಸ್ಟರಾಲ್ ಇಳಿಸುತ್ತದೆ ಎಂಬುದಕ್ಕೂ ಆಧಾರವಿದೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೊಟ್ಟೆಯ ಬೊಜ್ಜು ಮತ್ತು ರಕ್ತದಲ್ಲಿ ಹೆಚ್ಚು ಕೊಬ್ಬಿನಂಶ ಇದ್ದ 60 ಮಂದಿಗೆ 12 ವಾರ ಸ್ಟ್ರಾಬೆರಿ ಪುಡಿಯ ಪಾನೀಯ ಕೊಟ್ಟರು. ಹೆಚ್ಚಿನ ಪ್ರಮಾಣ ಕುಡಿದವರಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಇಳಿಯಿತು. ಆ ಹೆಚ್ಚಿನ ಪ್ರಮಾಣ ಎಂದರೆ ದಿನಕ್ಕೆ 50 ಗ್ರಾಂ ಒಣ ಪುಡಿ. ತಾಜಾ ಹಣ್ಣಿನ ಲೆಕ್ಕದಲ್ಲಿ ಅರ್ಧ ಕಿಲೋ. ನಮ್ಮ ಅಂಗಡಿಯ 200 ಗ್ರಾಂ ಡಬ್ಬಿಗಳಾದರೆ ಒಬ್ಬೊಬ್ಬರಿಗೆ ದಿನಕ್ಕೆ ಎರಡೂವರೆ. ಮೂರು ತಿಂಗಳು ಬಿಡದೆ. ಕನ್ನಡದ ಬರಹದಲ್ಲಿ ಈ ಅರ್ಧ ಕಿಲೋ ಎಲ್ಲೂ ಇರುವುದಿಲ್ಲ. ಇರುವುದು ‘ದಿನಕ್ಕೆ ನಾಲ್ಕೈದು ಹಣ್ಣು’. ಕೆಲವೊಮ್ಮೆ ‘ಒಂದು ಕಪ್’. ಅಮೆರಿಕದ ಕಪ್ 240 ಮಿಲಿಲೀಟರಿನ ಅಳತೆಯ ಪಾತ್ರೆ. ಕನ್ನಡದ ಕಪ್ ಟೀ ಕುಡಿಯುವುದು. ಅನುವಾದದಲ್ಲಿ ಪದ ಹಾಗೇ ದಾಟಿತು, ಅಳತೆ ಮಾತ್ರ ಕುಗ್ಗಿತು.

ನನಗೆ ನಿಜಕ್ಕೂ ಕೋಪ ಬರುವುದು ಗರ್ಭಿಣಿಯರ ಸಾಲು ಓದಿದಾಗ. ಸ್ಟ್ರಾಬೆರಿಯಲ್ಲಿ ಫೋಲೇಟ್ ಇದೆ, ಮಗುವಿನ ಮೆದುಳು, ಬೆನ್ನುಹುರಿಯ ಬೆಳವಣಿಗೆಗೆ ಬೇಕು ಎಂದು ಬರೆಯುತ್ತಾರೆ. ಫೋಲೇಟ್ ಇರುವುದೂ ನಿಜ, ಬೇಕಿರುವುದೂ ನಿಜ. ಎಷ್ಟು? ನೂರು ಗ್ರಾಂ ಸ್ಟ್ರಾಬೆರಿಯಲ್ಲಿ ಸುಮಾರು 24 ಮೈಕ್ರೋಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗರ್ಭಿಣಿಯರಿಗೆ ನಿಗದಿ ಮಾಡಿದ ಪ್ರಮಾಣ ದಿನಕ್ಕೆ 570 ಮೈಕ್ರೋಗ್ರಾಂ. ಹಣ್ಣಿನಿಂದಲೇ ತುಂಬಿಸಬೇಕೆಂದರೆ ದಿನಕ್ಕೆ ಎರಡು ಕಿಲೋ ದಾಟುತ್ತದೆ. ಅಷ್ಟೇ ತೂಕದ ಪಾಲಕ್ ಸೊಪ್ಪಿನಲ್ಲಿ, ಕಡಲೆಕಾಳಿನಲ್ಲಿ ಇದಕ್ಕಿಂತ ಹಲವು ಪಟ್ಟು ಫೋಲೇಟ್ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ ಬಿಡಿಗಾಸೂ ಪಡೆಯದೆ ಕೊಡುವ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಆ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ, ಮಗು ಕಪ್ಪಾಗುತ್ತದೆಂಬ ಮೂಢನಂಬಿಕೆ ಬೇರೆ. ಎಷ್ಟೋ ಮನೆಗಳಲ್ಲಿ ಹಾಳೆಗಟ್ಟಲೆ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಇಂಥ ಹೊತ್ತಿನಲ್ಲಿ ಮಾತ್ರೆಯ ಸುದ್ದಿಯನ್ನೇ ಎತ್ತದೆ ಸ್ಟ್ರಾಬೆರಿಯ ಫೋಲೇಟನ್ನು ಹೊಗಳುವ ಬರಹ ನಿರಪಾಯಕಾರಿಯಲ್ಲ. ಮಾತ್ರೆ ಬಿಡಲು ಕಾರಣ ಹುಡುಕುತ್ತಿರುವವರ ಕೈಗೆ ಅದು ಚೆಂದದ ಕಾರಣವೊಂದನ್ನು ಇಡುತ್ತದೆ.

ಹಲ್ಲಿನ ವಿಷಯವನ್ನು ಎರಡು ಮಾತಲ್ಲಿ ಮುಗಿಸುತ್ತೇನೆ. ಸ್ಟ್ರಾಬೆರಿ ಅರೆದು ಅಡುಗೆ ಸೋಡಾ ಬೆರೆಸಿ ತಿಕ್ಕಿದರೆ ಹಲ್ಲು ಬೆಳ್ಳಗಾಗುತ್ತದೆಂಬ ಮಾತನ್ನು ಅಮೆರಿಕದ ಐಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪರೀಕ್ಷಿಸಿ ನೋಡಿದರು. ಮೇಲಿನ ಕೊಳೆ ಹೋಯಿತು, ಹಲ್ಲು ಬಿಳಿಯಾಗಲಿಲ್ಲ. ಹಣ್ಣಿನ ಹುಳಿಯನ್ನು ಹಲ್ಲಿಗೆ ತಿಕ್ಕುತ್ತಾ ಹೋದರೆ ಹಲ್ಲಿನ ಹೊರಪದರ ಸವೆಯುವ ಭಯ ಬೇರೆ.

*

ಮೂರನೆಯದು ‘ಯಾರಿಗೆ’.

ಕನ್ನಡದಲ್ಲಿ ‘ಒಳ್ಳೆಯದು’ ಎಂದರೆ ವಾಕ್ಯ ಮುಗಿಯುವುದಿಲ್ಲ, ಯಾರಿಗೆ ಎಂದು ಚತುರ್ಥಿ ವಿಭಕ್ತಿ ಕೇಳುತ್ತದೆ. ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಬರೆದಾಗ ಆ ಜಾಗ ತುಂಬಿದಂತೆ ಕಾಣುತ್ತದೆ, ಆದರೆ ಅಲ್ಲಿ ಮನುಷ್ಯರಿಲ್ಲ. ಆರೋಗ್ಯಕ್ಕೆ ವಯಸ್ಸಿಲ್ಲ, ಕಾಯಿಲೆಯಿಲ್ಲ, ಸಂಬಳವಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಮೂತ್ರಪಿಂಡದ ಕಾಯಿಲೆ ಇರುವ ಎಷ್ಟೋ ಜನ ಪೊಟ್ಯಾಸಿಯಂ ಕಡಿಮೆ ಇರುವ ಆಹಾರ ತಿನ್ನಬೇಕಾಗುತ್ತದೆ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಬಾಳೆಹಣ್ಣು, ಸೀಬೆ, ಎಳನೀರು ಅವರಿಗೆ ಅಪಾಯ. ಸ್ಟ್ರಾಬೆರಿಯಲ್ಲಿ ಪೊಟ್ಯಾಸಿಯಂ ಕಡಿಮೆ: ನೂರು ಗ್ರಾಮಿಗೆ 150 ಮಿಲಿಗ್ರಾಂ ಆಸುಪಾಸು, ಸೀಬೆಯಲ್ಲಿ ಅದು 400 ದಾಟುತ್ತದೆ. ಹಾಗಾಗಿ ಅಂಥವರಿಗೆ ಹಣ್ಣು ತಿನ್ನುವ ಆಸೆಯಾದರೆ, ವೈದ್ಯರು ಒಪ್ಪಿದ ಮಿತಿಯಲ್ಲಿ ಸ್ಟ್ರಾಬೆರಿ ನಿಜವಾಗಿಯೂ ಒಳ್ಳೆಯ ಆಯ್ಕೆ. ಈ ಹಣ್ಣಿನ ಬಗ್ಗೆ ಕನ್ನಡದಲ್ಲಿ ಹೇಳಲೇಬೇಕಾದ ಲಾಭ ಇದು. ಹತ್ತು ಲಾಭಗಳ ಪಟ್ಟಿಗಳಲ್ಲಿ ನಾನಿದನ್ನು ಕಂಡಿಲ್ಲ. ಇದಕ್ಕೆ ‘ಯಾರಿಗೆ’ ಎಂಬ ಪದ ಬೇಕು, ಆ ಪದ ಬಂದರೆ ಶೀರ್ಷಿಕೆ ಎಲ್ಲರನ್ನೂ ಸೆಳೆಯುವುದಿಲ್ಲ.

ಸಕ್ಕರೆ ಕಾಯಿಲೆಯದೂ ಇದೇ ಪಾಡು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಈ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಸ್ಟ್ರಾಬೆರಿಯಲ್ಲಿ ಸಕ್ಕರೆ ಕಡಿಮೆ, ಆದ್ದರಿಂದ ಮಾವು ಸಪೋಟಕ್ಕಿಂತ ಅವರು ಅದನ್ನು ನಿಶ್ಚಿಂತೆಯಿಂದ ತಿನ್ನಬಹುದು. ನಿಜ ಇಷ್ಟೇ. ‘ತಿಂದರೆ ತೊಂದರೆ ಕಡಿಮೆ’ ಎಂಬುದನ್ನು ‘ತಿಂದರೆ ಕಾಯಿಲೆ ಕಡಿಮೆ’ ಎಂದು ಬದಲಿಸಲು ಒಂದೇ ಪದ ಸಾಕು.

*

ಕೊನೆಯದು ‘ಯಾವುದಕ್ಕಿಂತ’. ಇದಕ್ಕೆ ಉತ್ತರ ಹುಡುಕಲು ಹೈದರಾಬಾದಿಗಿಂತ ಒಳ್ಳೆಯ ಊರು ದೇಶದಲ್ಲಿಲ್ಲ.

ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲಿ, ರಾಷ್ಟ್ರೀಯ ಪೋಷಣೆ ಸಂಸ್ಥೆ ಇದೆ. ಎಲ್ಲರ ಬಾಯಲ್ಲಿ ಎನ್‌ಐಎನ್. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ಕಾಯಿಲೆಯ ತನಿಖೆಗೆಂದು ಶುರುಮಾಡಿದ ಸಣ್ಣ ಘಟಕ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. (ಆ ಬೆರಿಗೂ ಈ ಬೆರಿಗೂ ಸಂಬಂಧವಿಲ್ಲ. ಅಷ್ಟಕ್ಕೂ ಸಸ್ಯಶಾಸ್ತ್ರದ ಪ್ರಕಾರ ಸ್ಟ್ರಾಬೆರಿ ಬೆರಿಯೇ ಅಲ್ಲ. ಸೀಬೆ, ಟೊಮೆಟೊ, ಬದನೆ ಬೆರಿಗಳು.) ಭಾರತದವರು ತಿನ್ನುವ ಆಹಾರದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆದು ಬರೆದಿಡುವುದು ಈ ಸಂಸ್ಥೆಯ ದೊಡ್ಡ ಕೆಲಸಗಳಲ್ಲೊಂದು. ಸಿ. ಗೋಪಾಲನ್ ಮತ್ತು ಸಂಗಡಿಗರ ಪುಸ್ತಕ 1971ರಲ್ಲಿ ಬಂತು. 2017ರಲ್ಲಿ 528 ಆಹಾರಗಳ ಹೊಸ ಕೋಷ್ಟಕ ಬಂತು. ಅದರಲ್ಲಿ ಆಹಾರಗಳ ಹೆಸರನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕೊಟ್ಟಿದ್ದಾರೆ. ನಮಗೆ ಬೇಕಾದ ಅನುವಾದದ ಅರ್ಧ ಕೆಲಸ ಅಲ್ಲೇ ಮುಗಿದಿದೆ.

ಕೋಷ್ಟಕ ತೆರೆದು ನೋಡಿ. ನೂರು ಗ್ರಾಂ ಸ್ಟ್ರಾಬೆರಿಯಲ್ಲಿ ಸಿ ಜೀವಸತ್ವ 50ರಿಂದ 60 ಮಿಲಿಗ್ರಾಂ. ಸೀಬೆಯಲ್ಲಿ 200ಕ್ಕೂ ಹೆಚ್ಚು. ನೆಲ್ಲಿಕಾಯಿಯಲ್ಲಿ ಸುಮಾರು 250. ನೆಲ್ಲಿಯ ಬಗ್ಗೆ ಹಳೆಯ ಪುಸ್ತಕ 600 ಎಂದಿತ್ತು, ಹೊಸ ಅಳತೆಯಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ವಿಜ್ಞಾನ ತನ್ನ ‘-ತ್ತದೆ’ಗಳನ್ನು ಹೀಗೆ ತಿದ್ದಿಕೊಳ್ಳುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಸಿ ಜೀವಸತ್ವ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಅರ್ಧ ಸೀಬೆಹಣ್ಣಿಗೆ ಕೆಲಸ ಮುಗಿಯಿತು. ಸೀಬೆಯ ನಾರಿನಂಶವೂ ಸ್ಟ್ರಾಬೆರಿಯ ಎರಡು ಪಟ್ಟಿಗಿಂತ ಹೆಚ್ಚು. ನಮ್ಮ ಬೀದಿಯಲ್ಲಿ ಒಂದು ಡಬ್ಬಿ ಸ್ಟ್ರಾಬೆರಿಯ ದುಡ್ಡಿಗೆ ಒಂದು ಕಿಲೋ ಸೀಬೆ ಬರುತ್ತದೆ. ತಳ್ಳುಗಾಡಿಯವರು ಅದನ್ನಿಲ್ಲಿ ಜಾಮ್ ಎನ್ನುತ್ತಾರೆ. ಸೀಳಿ, ಉಪ್ಪು ಖಾರ ಸವರಿ ಕೈಗಿಡುತ್ತಾರೆ. ಮೈಸೂರಿನವರಿಗೆ ಅದು ಸೀಬೆ, ಧಾರವಾಡದವರಿಗೆ ಪೇರಲ, ಮಂಗಳೂರಿನವರಿಗೆ ಪೇರಳೆ.

ಈಗ ನನ್ನ ಮುಖ್ಯ ಸಾಕ್ಷಿ. ಅಮೆರಿಕದ ನರ್ಸುಗಳ ಅಧ್ಯಯನ ಬಂದ 2013ರಲ್ಲೇ, ಎನ್‌ಐಎನ್ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು ‘ಜರ್ನಲ್ ಆಫ್ ನ್ಯೂಟ್ರಿಶನ್’ ಎಂಬ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಸರ್ಕಾರಿ ವಸತಿ ಶಾಲೆಗಳ 13ರಿಂದ 15 ವಯಸ್ಸಿನ 16 ಹುಡುಗ ಹುಡುಗಿಯರಿಗೆ ಒಂದು ದಿನ ಮಾಮೂಲಿ ಅನ್ನದ ಊಟ, ಮತ್ತೊಂದು ದಿನ ಅದೇ ಊಟದ ಜೊತೆಗೆ ನೂರು ಗ್ರಾಂ ಸೀಬೆಹಣ್ಣು. ಊಟದಲ್ಲಿದ್ದ ಕಬ್ಬಿಣದಲ್ಲಿ ದೇಹ ಎಷ್ಟು ಹೀರಿಕೊಂಡಿತು ಎಂದು ಅಳೆದರು. ಹುಡುಗಿಯರಲ್ಲಿ ಅದು ನೂರಕ್ಕೆ ಹತ್ತರ ಆಸುಪಾಸಿನಿಂದ 24ರ ಹತ್ತಿರಕ್ಕೆ ಏರಿತು. ಹುಡುಗರಲ್ಲಿ ಒಂಬತ್ತರ ಆಸುಪಾಸಿನಿಂದ 19ಕ್ಕೆ. ಅದೇ ಅನ್ನ, ಅದೇ ಸಾರು, ಜೊತೆಗೊಂದು ಸೀಬೆ. ಕಬ್ಬಿಣ ಎರಡು ಪಟ್ಟಿಗೂ ಹೆಚ್ಚು ಮೈಗೆ ಹತ್ತಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವ ದೇಶ ಇದು. ನಮ್ಮ ಊಟ, ನಮ್ಮ ಕಾಯಿಲೆ, ನಮ್ಮ ಬೀದಿಯ ಹಣ್ಣು, ನಮ್ಮೂರ ಪ್ರಯೋಗಾಲಯ.

ಇಲ್ಲೂ ‘ಬಹುದು’ ಬಿಡುವಂತಿಲ್ಲ. ಮಕ್ಕಳು 16 ಮಂದಿ ಮಾತ್ರ. ಅಳೆದದ್ದು ಒಂದು ಊಟದ ಹೀರಿಕೆಯನ್ನು, ರಕ್ತಹೀನತೆ ವಾಸಿಯಾದದ್ದನ್ನಲ್ಲ. ಸತು ಎಂಬ ಇನ್ನೊಂದು ಖನಿಜದ ವಿಷಯದಲ್ಲಿ ಸೀಬೆಯಿಂದ ಯಾವ ಪ್ರಯೋಜನವೂ ಕಾಣಲಿಲ್ಲ ಎಂದು ಅವರೇ ಬರೆದಿದ್ದಾರೆ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ಮಾತು ಬಳಕೆಗೆ ಬರುವಂಥದ್ದು: ಊಟದ ಜೊತೆಗೆ ಸೀಬೆಯೋ ನೆಲ್ಲಿಯೋ ನಿಂಬೆಯೋ ಇರಲಿ, ಟೀ ಕಾಫಿ ಊಟದ ಹೊತ್ತಿಗೆ ಬೇಡ.

ಒಂದೇ ವರ್ಷದ ಎರಡು ಅಧ್ಯಯನಗಳು. ಅಮೆರಿಕದ್ದು ಕಡಲು ದಾಟಿ, ಇಂಗ್ಲಿಷಿನಿಂದ ಇಂಗ್ಲಿಷಿಗೆ ಹಾರಿ, ‘ಬಹುದು’ ಕಳೆದುಕೊಂಡು ಕನ್ನಡದ ಫೋನುಗಳಿಗೆ ಬಂದು ಕೂತಿದೆ. ತಾರ್ನಾಕಾದ್ದು ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹೈದರಾಬಾದಿನಿಂದ ಕಲಬುರಗಿಗೆ, ಬೀದರಿಗೆ ರೈಲು ದಿನಾ ಹೋಗುತ್ತದೆ. ಸುದ್ದಿ ಮಾತ್ರ ಅಮೆರಿಕ ಸುತ್ತಿ ಬರಬೇಕು.

ಯಾಕೆ ಹೀಗೆ? ಸ್ಟ್ರಾಬೆರಿಗೆ ಹೇಳುವವರಿದ್ದಾರೆ. ಕ್ಯಾಲಿಫೋರ್ನಿಯಾದ ಬೆಳೆಗಾರರಿಗೆ ಸ್ಟ್ರಾಬೆರಿ ಆಯೋಗವೊಂದಿದೆ. ಅದು ತಮ್ಮ ಹಣ್ಣಿನ ಆರೋಗ್ಯ ಲಾಭಗಳ ಸಂಶೋಧನೆಗೆ ಹಣ ಕೊಡುತ್ತದೆ, ಫಲಿತಾಂಶವನ್ನು ಜಗತ್ತಿಗೆ ಸಾರುತ್ತದೆ. ಅದರಲ್ಲಿ ಮುಚ್ಚುಮರೆಯಿಲ್ಲ, ಬೆಳೆಗಾರರ ಸಂಘ ಮಾಡಬೇಕಾದ ಕೆಲಸವೇ ಅದು. ಜಾಮ್ ತಳ್ಳುಗಾಡಿಯವನಿಗೆ ಅಂಥ ಆಯೋಗವಿಲ್ಲ. ಅವನ ಪರವಾಗಿ ಮಾತಾಡಬೇಕಾದದ್ದು ಕನ್ನಡದ ಬರಹಗಾರರು. ಅವರಿಗೆ ಪದಕ್ಕೆ ಇಷ್ಟು ಪೈಸೆ ಕೊಡುವವರು ಆ ಕೆಲಸ ಕೊಡುವುದಿಲ್ಲ.

*

ಒಂದು ಆಕ್ಷೇಪಣೆ ಬಂದೇ ಬರುತ್ತದೆ: ಹಣ್ಣಲ್ಲವೇ ಮಾರಾಯರೇ, ವಿಷವಲ್ಲವಲ್ಲ, ನಾಲ್ಕು ಜನ ಬಿಸ್ಕತ್ತು ಬಿಟ್ಟು ಹಣ್ಣು ತಿಂದರೆ ನಿಮಗೇನು ನಷ್ಟ? ಜನ ಹಣ್ಣನ್ನೇ ತಿನ್ನುವುದಾದರೆ ನಷ್ಟ ಕಡಿಮೆ. ಆದರೆ ಹಣ್ಣು ಗಳಿಸಿದ ಒಳ್ಳೆಯ ಹೆಸರು ಹಣ್ಣಿನಲ್ಲೇ ಉಳಿಯುವುದಿಲ್ಲ. ಅದು ಸ್ಟ್ರಾಬೆರಿ ಚಿತ್ರ ಹಾಕಿದ ಹಾಲಿನ ಬಾಟಲಿಗೆ, ಕ್ರೀಂ ಬಿಸ್ಕತ್ತಿಗೆ, ಮಗುವಿನ ಸಿರಪ್ಪಿಗೆ ದಾಟುತ್ತದೆ. ಅಂಥ ಎಷ್ಟೋ ಪೊಟ್ಟಣಗಳ ಹಿಂದೆ ಸಣ್ಣಕ್ಷರದಲ್ಲಿ ಕೃತಕ ಪರಿಮಳ, ಕಾರ್ಮೊಯ್ಸಿನ್‌ನಂಥ ಕೃತಕ ಬಣ್ಣ ಎಂದಿರುತ್ತದೆ. ಅದನ್ನು ಬರೆಯಲೇಬೇಕೆಂದು ಕಾನೂನಿದೆ. ಆಹಾರ ಮಾರುವವರು ಆಧಾರವಿಲ್ಲದ ಆರೋಗ್ಯದ ಮಾತಾಡಬಾರದೆಂದು 2018ರ ಆಹಾರ ಸುರಕ್ಷತೆ ನಿಯಮಗಳೂ ಹೇಳುತ್ತವೆ. ಆದರೆ ಆ ನಿಯಮ ಹಿಡಿಯುವುದು ಮಾರುವವರನ್ನು. ಪೊಟ್ಟಣದ ಮೇಲೆ ಬರೆಯಲಾಗದ ಮಾತನ್ನು ‘ಲೇಖನ’ ಯಾರ ಭಯವೂ ಇಲ್ಲದೆ ಬರೆಯುತ್ತದೆ.

ಇನ್ನೊಂದು ದಿಕ್ಕಿನಿಂದ ಬರುವ ಚಪ್ಪಾಳೆಯೂ ನನಗೆ ಬೇಡ. ಪರದೇಶದ ಹಣ್ಣು ಬಿಡಿ, ನಮ್ಮ ಹಣ್ಣೇ ಶ್ರೇಷ್ಠ ಎಂದು ಈ ಬರಹವನ್ನು ಹಂಚುವವರಿಗೆ ಒಂದು ಮಾತು. ಸೀಬೆಯೂ ಪರದೇಶದ್ದೇ, ಅಮೆರಿಕ ಖಂಡದಿಂದ ಬಂದದ್ದು. ಅದರ ಮೇಲೆ ಸವರುವ ಮೆಣಸಿನಕಾಯಿಯೂ ಅಲ್ಲಿಯದೇ. ‘ನೇರಳೆ ಬೀಜದ ಪುಡಿಯಿಂದ ಸಕ್ಕರೆ ಕಾಯಿಲೆ ಮಾಯ’ ಎಂಬ ಸಾಲಿನಲ್ಲಿ ಕಾಣೆಯಾಗಿರುವುದೂ ಅದೇ ನಾಲ್ಕು ಪದಗಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಮೂದಲಿಕೆಯಾಗಿ ಬಳಸುತ್ತೇವೆ. ನನಗೆ ಅದರ ನೇರ ಅರ್ಥವೂ ಬೇಕು. ಹಿತ್ತಲ ಗಿಡವೂ ಮದ್ದಲ್ಲ, ಡಬ್ಬಿಯ ಹಣ್ಣೂ ಮದ್ದಲ್ಲ. ಎರಡೂ ಆಹಾರ. ಆಹಾರಕ್ಕೆ ಆಹಾರವೆಂಬ ಮರ್ಯಾದೆ ಸಾಕು.

ಹಾಗಾದರೆ ಏನು ಮಾಡಬೇಕು? ಕನ್ನಡದಲ್ಲಿ ಆರೋಗ್ಯ ಬರಹ ಪ್ರಕಟಿಸುವವರು, ಯಾವ ಅಧ್ಯಯನ, ಎಷ್ಟು ಜನರ ಮೇಲೆ, ಎಷ್ಟು ಪ್ರಮಾಣ ಎಂಬ ಮೂರು ಸಂಗತಿ ಇಲ್ಲದ ಲಾಭವನ್ನು ಅಚ್ಚು ಮಾಡಬಾರದು. ಮೂಲದಲ್ಲಿ ಅನುಮಾನ ಇದ್ದರೆ ಅನುವಾದದಲ್ಲೂ ಇರಬೇಕು; ಅದನ್ನು ತೆಗೆಯಿರಿ ಎನ್ನುವ ಸೂಚನೆಗೆ ಅನುವಾದಕರು ಒಪ್ಪಬಾರದು. ಒಬ್ಬರು ಒಪ್ಪದಿದ್ದರೆ ಕೆಲಸ ಹೋಗುತ್ತದೆ, ಹತ್ತು ಜನ ಒಪ್ಪದಿದ್ದರೆ ಸೂಚನೆ ಹೋಗುತ್ತದೆ. ಹೋಲಿಕೆ ಕೊಡುವಾಗ ಎನ್‌ಐಎನ್ ಕೋಷ್ಟಕ ಕೈಯಳತೆಯಲ್ಲಿರಲಿ, ಓದುಗರ ಸಂತೆಯಲ್ಲಿ ಸಿಗುವ ಹಣ್ಣು ಪಕ್ಕದಲ್ಲಿರಲಿ.

ಓದುಗರಾದ ನಿಮ್ಮ ಪಾಲಿಗೂ ಒಂದು ಕೆಲಸ ಇದೆ, ಸುಲಭದ್ದು. ಮನೆಯ ಗುಂಪಿಗೆ ಮುಂದಿನ ‘ಹತ್ತು ಲಾಭ’ ಬಂದಾಗ, ಕಳಿಸಿದವರು ಸೋದರಮಾವನೇ ಆಗಿರಲಿ ದೊಡ್ಡಮ್ಮನೇ ಆಗಿರಲಿ, ಜಗಳ ತೆಗೆಯಬೇಡಿ. ಪ್ರತಿ ಸಾಲಿನ ಕೊನೆಗೆ ಒಂದು ‘ಅಂತೆ’ ಸೇರಿಸಿ ಗಟ್ಟಿಯಾಗಿ ಓದಿ ತೋರಿಸಿ. ಹೃದಯಾಘಾತ ತಡೆಯುತ್ತದಂತೆ. ಕ್ಯಾನ್ಸರ್ ಬರುವುದಿಲ್ಲವಂತೆ. ಹಲ್ಲು ಮುತ್ತಾಗುತ್ತದಂತೆ. ಆಮೇಲೆ ‘ಎಷ್ಟು ತಿಂದರೆ?’ ಎಂದು ಕೇಳಿ. ಹತ್ತರಲ್ಲಿ ಎಷ್ಟು ಉಳಿಯಿತೆಂದು ಅವರೇ ಎಣಿಸಲಿ.